ಗರ್ಭಿಣಿಯ ರಕ್ತದಲ್ಲಿ ಆಂಟಿ-ಡಿ ಟೈಟರ್ ಅಳೆಯುವ ಕ್ರಮ

ಆರ್‌ಎಚ್ ನೆಗೆಟಿವ್ ಗರ್ಭಿಣಿಯ ಐಸಿಟಿ, ಅಂದರೆ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ, ಪಾಸಿಟಿವ್ ಬಂದರೆ ಅವಳ ರಕ್ತದಲ್ಲಿ ಕೆಂಪು ಕಣಗಳನ್ನು ಹಿಡಿಯುವ ಆಂಟಿಬಾಡಿ ಇದೆ ಎಂದರ್ಥ. ಆಂಟಿ-ಡಿ ಎಂದರೆ ಆರ್‌ಎಚ್ ಪಾಸಿಟಿವ್ ಕಣಗಳ ಮೇಲಿರುವ ಡಿ ಎಂಬ ಗುರುತನ್ನು (ಆಂಟಿಜೆನ್) ಹಿಡಿಯುವ ಆಂಟಿಬಾಡಿ. ಪಾಸಿಟಿವ್ ಬಂದ ಕೂಡಲೇ ವೈದ್ಯರು ಕೇಳುವುದು ಒಂದೇ ಪ್ರಶ್ನೆ: ಟೈಟರ್ ಎಷ್ಟು? ನಾವು 8 ಎಂದು ಬರೆದರೆ ಆ ತಾಯಿ ಮನೆಗೆ ಹೋಗಿ ಮುಂದಿನ ತಿಂಗಳು ಬರುತ್ತಾಳೆ. 32 ಎಂದು ಬರೆದರೆ ಮಗುವಿನ ಮೆದುಳಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್‌ಗೆ ಓಡಾಟ ಶುರುವಾಗುತ್ತದೆ. ಎರಡಕ್ಕೂ ನಡುವೆ ಇರುವುದು ಎರಡೇ ಟ್ಯೂಬಿನ ವ್ಯತ್ಯಾಸ. ಬದಲಾಯಿಸದ ಒಂದು ಪಿಪೆಟ್ ಟಿಪ್, ಹಳತಾದ ಒಂದು ಬಾಟಲಿ ಸಲೈನ್, ಅರೆಬರೆ ತೊಳೆದ ಕಣಗಳು, ಇವುಗಳಲ್ಲಿ ಯಾವುದೇ ಒಂದು ಸಾಕು, ಆ ಎರಡು ಟ್ಯೂಬು ಅತ್ತಿತ್ತ ಆಗಲು.

ಟೈಟರ್ ಎಂದರೇನೆಂದು ಮಜ್ಜಿಗೆಯ ಲೆಕ್ಕದಲ್ಲಿ ನೋಡಿ. ಒಂದು ಲೋಟ ಹುಳಿ ಮಜ್ಜಿಗೆಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಒಂದು ಲೋಟ ತೆಗೆದು ಮತ್ತೆ ಅಷ್ಟೇ ನೀರು ಬೆರೆಸುತ್ತಾ ಹೋದರೆ, ಯಾವ ಲೋಟದವರೆಗೆ ನಾಲಿಗೆಗೆ ಹುಳಿ ಗೊತ್ತಾಗುತ್ತದೋ ಅದೇ ಟೈಟರ್. ನಾಲಿಗೆ ಬದಲಾದರೆ ಲೋಟವೂ ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಆ ನಾಲಿಗೆ ಎಂದರೆ ನಾವು ಬಳಸುವ ಕೆಂಪು ರಕ್ತಕಣ, ಕೂಂಬ್ಸ್ ಸೀರಮ್ (ಆಂಟಿಬಾಡಿ ಹಿಡಿದ ಕಣಗಳನ್ನು ಒಂದಕ್ಕೊಂದು ಅಂಟಿಸುವ ದ್ರವ), ವಾಟರ್ ಬಾತಿನ ಬಿಸಿ, ಓದುವವರ ಕಣ್ಣು. ಇವು ತಿಂಗಳಿಂದ ತಿಂಗಳಿಗೆ ಒಂದೇ ಆಗಿದ್ದರೆ ಮಾತ್ರ ಟೈಟರ್ ಏರಿತೇ ಇಳಿಯಿತೇ ಎಂದು ಹೇಳಲು ಸಾಧ್ಯ. ಆದ್ದರಿಂದ ಮುಂದೆ ಬರುವ ಪ್ರತಿ ಹಂತದಲ್ಲೂ ಯಾವುದನ್ನು ಆರಿಸಿಕೊಂಡಿರಿ ಎನ್ನುವುದಕ್ಕಿಂತ, ಆರಿಸಿಕೊಂಡದ್ದನ್ನು ಬದಲಿಸದೆ ಇಟ್ಟುಕೊಂಡಿರಾ ಎನ್ನುವುದು ಹೆಚ್ಚು ಮುಖ್ಯ.

ಮೊದಲು ಯಾವ ಆಂಟಿಬಾಡಿ ಎಂದು ತಿಳಿಯಿರಿ

ಐಸಿಟಿ ಪಾಸಿಟಿವ್ ಎಂದ ಮಾತ್ರಕ್ಕೆ ಅದು ಆಂಟಿ-ಡಿ ಆಗಿರಲೇಬೇಕೆಂದಿಲ್ಲ. ಟೈಟರ್ ಮಾಡುವ ಮೊದಲು ಆಂಟಿಜೆನ್‌ಗಳು ಮೊದಲೇ ಗೊತ್ತಿರುವ ಮೂರು ಕಣಗಳ ಸ್ಕ್ರೀನಿಂಗ್ ಪ್ಯಾನೆಲ್, ಆಮೇಲೆ ಹನ್ನೊಂದು ಕಣಗಳ ಗುರುತಿನ ಪ್ಯಾನೆಲ್ ಹಾಕಬೇಕು. ಜೊತೆಗೆ ತಾಯಿಯ ಸ್ವಂತ ಕಣಗಳ ಆಟೊ ಕಂಟ್ರೋಲ್ ಇರಲಿ. ಕೆಲ್ ಆಂಟಿಜೆನ್ ಹಿಡಿಯುವ ಆಂಟಿ-ಕೆಲ್ ಇದ್ದರೆ ಟೈಟರ್ 8 ಆದರೂ ಎಚ್ಚರಿಕೆ ಬೇಕು. ಅದು ಮಗುವಿನ ಕಣಗಳನ್ನು ನಾಶ ಮಾಡುವುದಷ್ಟೇ ಅಲ್ಲ, ಹೊಸ ಕಣಗಳು ಹುಟ್ಟುವುದನ್ನೇ ತಡೆಯುತ್ತದೆ. ಆಂಟಿ-ಡಿ ಲೆಕ್ಕವನ್ನು ಅದಕ್ಕೆ ಹಾಕಿದರೆ ಅಪಾಯ ತಪ್ಪಿಹೋದಂತೆ ಕಾಣುತ್ತದೆ, ಆದರೆ ತಪ್ಪಿರುವುದಿಲ್ಲ.

ಆಂಟಿ-ಡಿ ಜೊತೆ ಆಂಟಿ-ಸಿ ಕೂಡ ಇರುವಂತೆ ಪ್ಯಾನೆಲ್ ತೋರಿಸಿದರೆ ಆಂಟಿ-ಜಿ ಇರಬಹುದೇ ಎಂದು ಯೋಚಿಸಿ. ಡಿ ಅಥವಾ ಸಿ ಇರುವ ಕಣಗಳ ಮೇಲೆ ಜಿ ಆಂಟಿಜೆನ್ ಕೂಡ ಇರುವುದರಿಂದ ಅದೊಂದೇ ಆಂಟಿಬಾಡಿ ಎರಡರಂತೆ ಕಾಣಿಸುತ್ತದೆ. ಇಲ್ಲಿ ಸಿ ಎಂದರೆ ದೊಡ್ಡ ಸಿ. ಸಾಮಾನ್ಯವಾಗಿ ಆಂಟಿ-ಡಿ ಟೈಟರ್ ಆಂಟಿ-ಸಿಗಿಂತ ಹೆಚ್ಚಿರುತ್ತದೆ. ಆಂಟಿ-ಸಿ ಟೈಟರ್ ಅದಕ್ಕೆ ಸಮವಾಗಿ ಅಥವಾ ಹೆಚ್ಚಾಗಿ ಬಂದರೆ ಆಂಟಿ-ಜಿ ಅನುಮಾನ ಬಲವಾಗುತ್ತದೆ. ನಿಜವಾದ ಆಂಟಿ-ಡಿ ಇನ್ನೂ ಹುಟ್ಟದ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟು, ಅವಳ ದೇಹವೇ ಆಂಟಿ-ಡಿ ತಯಾರಿಸದಂತೆ ರಕ್ಷಿಸಲು ಇನ್ನೂ ಅವಕಾಶವಿರುತ್ತದೆ. ಇಲ್ಲಿ ತಪ್ಪಿದರೆ ಆ ಅವಕಾಶ ಕೈಬಿಟ್ಟುಹೋಗುತ್ತದೆ.

ಪ್ಯಾನೆಲ್ಲಿನ ಎಲ್ಲ ಕಣಗಳೂ ಗಟ್ಟಿಯಾಗಿ ಅಂಟಿಕೊಂಡು, ಆಟೊ ಕಂಟ್ರೋಲ್ ನೆಗೆಟಿವ್ ಇದ್ದು, ತಾಯಿಯ ಗುಂಪು ಓ ಎಂದು ಬಂದಿದ್ದರೆ ಬಾಂಬೆ ಗುಂಪನ್ನು ನೆನಪಿಸಿಕೊಳ್ಳಿ. 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಈ ಗುಂಪಿನವರಲ್ಲಿ ಎಚ್ ಆಂಟಿಜೆನ್ ಇರುವುದಿಲ್ಲ. ಅವರ ಸೀರಮ್‌ನಲ್ಲಿರುವ ಆಂಟಿ-ಎಚ್ ಪ್ರತಿಯೊಂದು ಓ ಕಣವನ್ನೂ ಹಿಡಿಯುತ್ತದೆ, ಪ್ಯಾನೆಲ್ ಕಣಗಳೆಲ್ಲ ಓ ಗುಂಪಿನವೇ ತಾನೆ. ಮಹಾರಾಷ್ಟ್ರ, ಕರ್ನಾಟಕದ ರಕ್ತನಿಧಿಗಳಲ್ಲಿ ಇದನ್ನು ಪಠ್ಯಪುಸ್ತಕದ ಅಪರೂಪ ಎಂದು ಪಕ್ಕಕ್ಕಿಡುವಂತಿಲ್ಲ. ಆಂಟಿ-ಎಚ್ ಸೀರಮ್ ಅಥವಾ ಲೆಕ್ಟಿನ್ (ಎಚ್ ಆಂಟಿಜೆನ್ ಹಿಡಿಯುವ ಸಸ್ಯದ ಸಾರ) ಒಂದು ಹನಿ ತಾಯಿಯ ಕಣಗಳಿಗೆ ಹಾಕಿ ನೋಡಿದರೆ ಸುಳಿವು ಸಿಗುತ್ತದೆ.

ಇಂಜೆಕ್ಷನ್ ಬಗ್ಗೆ ಕೇಳದೆ ಕೆಲಸ ಶುರು ಮಾಡಬೇಡಿ. 28ನೇ ವಾರದಲ್ಲಿ 300 ಮೈಕ್ರೋಗ್ರಾಂ ಆಂಟಿ-ಡಿ ಚುಚ್ಚಿಸಿಕೊಂಡ ತಾಯಿಯ ರಕ್ತದಲ್ಲಿ ಆ ಹೊರಗಿನ ಆಂಟಿ-ಡಿಯೇ ಐಸಿಟಿಯನ್ನು ಪಾಸಿಟಿವ್ ಮಾಡುತ್ತದೆ. ಅದರ ಟೈಟರ್ ಸಾಧಾರಣವಾಗಿ 4ಕ್ಕಿಂತ ಮೇಲೆ ಹೋಗುವುದಿಲ್ಲ, ವಾರಗಳು ಕಳೆದಂತೆ ಇಳಿಯುತ್ತದೆ. ದೇಹವೇ ತಯಾರಿಸಿದ ಆಂಟಿ-ಡಿ ಹಾಗಲ್ಲ, ಅದು ಇರುತ್ತದೆ ಅಥವಾ ಏರುತ್ತದೆ. ಮನವಿ ಪತ್ರದಲ್ಲಿ ಇಂಜೆಕ್ಷನ್ ತಾರೀಖು ಬರೆಯಲು ಒಂದು ಜಾಗವಿಟ್ಟು, ಅದು ಖಾಲಿ ಬಂದರೆ ವಾರ್ಡಿಗೆ ಫೋನ್ ಮಾಡಿ ಕೇಳುವುದೇ ಒಳ್ಳೆಯದು.

ಬೇಕಾದ ಸಾಮಾನು

10×75 ಅಥವಾ 12×75 ಮಿಲಿಮೀಟರಿನ ಗಾಜಿನ ಟ್ಯೂಬುಗಳು, 100 ಮತ್ತು 500 ಮೈಕ್ರೋಲೀಟರ್ ಅಳೆಯುವ ಮೈಕ್ರೋಪಿಪೆಟ್, ಧಾರಾಳವಾಗಿ ಟಿಪ್‌ಗಳು, 37 ಡಿಗ್ರಿಯ ವಾಟರ್ ಬಾತ್, ಸೀರಾಲಜಿ ಸೆಂಟ್ರಿಫ್ಯೂಜ್, ಸಲೈನ್, ಐಜಿಜಿ ಎಂಬ ಬಗೆಯ ಆಂಟಿಬಾಡಿಗೆ ಮಾತ್ರ ಸ್ಪಂದಿಸುವ ಕೂಂಬ್ಸ್ ಸೀರಮ್, ಕೂಂಬ್ಸ್ ಕಂಟ್ರೋಲ್ ಕಣಗಳು, ಓ ಪಾಸಿಟಿವ್ ಪರೀಕ್ಷಾ ಕಣಗಳು. ಇಷ್ಟರಲ್ಲಿ ಸಲೈನ್ ಮತ್ತು ಪರೀಕ್ಷಾ ಕಣಗಳ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು.

ಸಲೈನ್ ಎಂದರೆ ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 9 ಗ್ರಾಂ ಸೋಡಿಯಂ ಕ್ಲೋರೈಡ್. ಕೇಳಲು ಸುಲಭ. ಆದರೆ ಬಹಳ ದಿನ ಪ್ಲಾಸ್ಟಿಕ್ ಡಬ್ಬದಲ್ಲಿ ಕೂತ ಸಲೈನ್ ನಿಧಾನವಾಗಿ ಆಮ್ಲೀಯವಾಗುತ್ತದೆ. ಆಮ್ಲೀಯ ಸಲೈನ್‌ನಲ್ಲಿ ತೊಳೆದರೆ ಕಣಕ್ಕೆ ಹಿಡಿದ ಆಂಟಿಬಾಡಿ ಬಿಟ್ಟುಹೋಗುತ್ತದೆ, ಟೈಟರ್ ಕಡಿಮೆ ಬರುತ್ತದೆ, ಯಾರಿಗೂ ಕಾರಣ ಹೊಳೆಯುವುದಿಲ್ಲ. ಪಿಎಚ್ 6.5ರಿಂದ 7.5ರ ಒಳಗಿರಲಿ, ಫಾಸ್ಫೇಟ್ ಬಫರ್ ಹಾಕಿ 7.0ರಿಂದ 7.2ಕ್ಕೆ ತಂದರೆ ಇನ್ನೂ ಒಳ್ಳೆಯದು. ಬಾಟಲಿಯ ಮೇಲೆ ತಯಾರಿಸಿದ ದಿನ ಬರೆಯಿರಿ. ಕದಡಿದಂತೆ ಕಂಡರೆ ಆ ಬಾಟಲಿ ಚೆಲ್ಲಿಬಿಡಿ.

ಪರೀಕ್ಷಾ ಕಣಗಳ ಮೇಲೆ ಡಿ ಆಂಟಿಜೆನ್ ಎಷ್ಟಿದೆ ಎನ್ನುವುದು ಟೈಟರನ್ನು ನೇರವಾಗಿ ಬದಲಿಸುತ್ತದೆ. ಆರ್2ಆರ್2, ಆರ್1ಆರ್1 ಎನ್ನುವುದು ಆರ್‌ಎಚ್ ಪಾಸಿಟಿವ್ ಕಣಗಳ ಒಳಬಗೆಗಳ ಹೆಸರು. ಆರ್2ಆರ್2 ಕಣಗಳಲ್ಲಿ ಡಿ ಹೆಚ್ಚು, ಅಮೆರಿಕದ ಪ್ರಯೋಗಾಲಯಗಳು ಅವನ್ನೇ ಬಯಸುತ್ತವೆ. ನಮ್ಮ ದಾನಿಗಳಲ್ಲಿ ಅವು ಸಿಗುವುದು ಕಷ್ಟ, ಆರ್1ಆರ್1 ಸುಲಭವಾಗಿ ಸಿಗುತ್ತದೆ. ಆರ್1ಆರ್1 ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಒಂದು ತಿಂಗಳು ಆರ್1ಆರ್1, ಮುಂದಿನ ತಿಂಗಳು ಕೈಗೆ ಸಿಕ್ಕ ಯಾವುದೋ ಓ ಪಾಸಿಟಿವ್ ಬ್ಯಾಗಿನ ಕಣ ಎಂದಾದರೆ ಎರಡು ಸಂಖ್ಯೆಗಳನ್ನು ಹೋಲಿಸುವುದು ಸೇರು ಮತ್ತು ಕಿಲೋ ಬೆರೆಸಿ ತೂಗಿದ ಹಾಗೆ. ಗುಂಪಿನ ಪೂರ್ತಿ ಆರ್‌ಎಚ್ ಮಾದರಿ ಗೊತ್ತಿರುವ ಇಬ್ಬರು ಮೂವರು ನಿಯಮಿತ ದಾನಿಗಳನ್ನು ಗುರುತಿಸಿಟ್ಟುಕೊಳ್ಳುವುದು ಇದಕ್ಕೆ ದಾರಿ. ಡಫಿ, ಕಿಡ್, ಎಂಎನ್‌ಎಸ್ ಎಂಬ ಬೇರೆ ರಕ್ತಗುಂಪುಗಳ ಆಂಟಿಬಾಡಿಗಳಿಗೆ ಹೋಮೋಜೈಗಸ್, ಅಂದರೆ ಎರಡು ಪಾಲು ಆಂಟಿಜೆನ್ ಇರುವ, ಕಣವೇ ಬೇಕು, ಒಂದು ಪಾಲು ಆಂಟಿಜೆನ್ ಇರುವ ಕಣದಲ್ಲಿ ಟೈಟರ್ ಬಿದ್ದುಹೋಗುತ್ತದೆ.

ಕಣಗಳನ್ನು ಸಲೈನ್‌ನಲ್ಲಿ ಮೂರು ಸಲ ತೊಳೆದು, ಕೊನೆಯ ಸಲ ಮೇಲಿನ ದ್ರವ ತಿಳಿಯಾಗಿರುವುದನ್ನು ನೋಡಿ, 0.2 ಮಿಲಿಲೀಟರ್ ಗಟ್ಟಿ ಕಣಕ್ಕೆ 9.8 ಮಿಲಿಲೀಟರ್ ಸಲೈನ್ ಸೇರಿಸಿ. ಇದು ಶೇಕಡಾ 2ರ ದ್ರಾವಣ. ಕಣ ಹೆಚ್ಚಾದರೆ ಒಂದೊಂದು ಕಣದ ಪಾಲಿಗೆ ಬರುವ ಆಂಟಿಬಾಡಿ ಕಡಿಮೆಯಾಗಿ ಟೈಟರ್ ಇಳಿಯುತ್ತದೆ. ಕಣ್ಣಂದಾಜಿನಲ್ಲಿ ಕೆಂಪು ನೋಡಿ ಮಾಡುವ ಅಭ್ಯಾಸ ಗುಂಪು ಪರೀಕ್ಷೆಗೆ ನಡೆದೀತು, ಟೈಟರ್‌ಗೆ ನಡೆಯದು. ಆ ದಿನ ಮಾಡಿದ್ದನ್ನು ಆ ದಿನವೇ ಬಳಸಿ.

ಮಾದರಿ ರಕ್ತ

5 ಮಿಲಿಲೀಟರ್ ರಕ್ತ ಸಾಕು. ಸಾದಾ ಟ್ಯೂಬಿನಲ್ಲಿ ತೆಗೆದರೆ ಪೂರ್ತಿ ಹೆಪ್ಪುಗಟ್ಟುವವರೆಗೆ ಕಾಯಿರಿ. ಅವಸರದಲ್ಲಿ ಬೇರ್ಪಡಿಸಿದ ಸೀರಮ್‌ನಲ್ಲಿ ಫೈಬ್ರಿನ್ ಎಳೆಗಳು ಉಳಿದು ಕಣಗಳನ್ನು ಹಿಡಿದಿಟ್ಟು ಅಂಟಿದಂತೆ ತೋರಿಸುತ್ತವೆ. ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನ ಪ್ಲಾಸ್ಮಾ ಕೂಡ ನಡೆಯುತ್ತದೆ. ಸೀರಮ್ ಬೇಕೋ ಪ್ಲಾಸ್ಮಾ ಬೇಕೋ ಎಂದು ಒಮ್ಮೆ ತೀರ್ಮಾನಿಸಿ ಅದನ್ನೇ ನಡೆಸಿ.

ಸೀರಮ್ ಬೇರ್ಪಡಿಸಿದ ಕೂಡಲೇ ಒಂದು ಮಿಲಿಲೀಟರಿನಷ್ಟನ್ನು ತಿರುಪು ಮುಚ್ಚಳದ ಚಿಕ್ಕ ವಯಲ್‌ಗೆ ಹಾಕಿ, ಹೆಸರು, ನೋಂದಣಿ ಸಂಖ್ಯೆ, ತಾರೀಖು ಬರೆದು, ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಇಡಿ. ಈ ವಯಲ್ ಮುಂದಿನ ತಿಂಗಳಿನ ಪರೀಕ್ಷೆಗೆ ಬೇಕೇ ಬೇಕು. ಫ್ರೀಜರಿನಿಂದ ತೆಗೆದಾಗ ಕರಗಿದ ಸೀರಮ್ ಪದರ ಪದರವಾಗಿ ನಿಂತಿರುತ್ತದೆ, ಪ್ರೋಟೀನ್ ತಳದಲ್ಲಿ, ನೀರು ಮೇಲೆ. ನಾಲ್ಕಾರು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸದೆ ಮೇಲಿನಿಂದ ಪಿಪೆಟ್ ಇಳಿಸಿದರೆ ಹಳೆಯ ಟೈಟರ್ ಸುಳ್ಳೇ ಕಡಿಮೆ ಬಂದು, ಹೊಸದು ಏರಿದಂತೆ ಕಾಣುತ್ತದೆ.

ದುರ್ಬಲಗೊಳಿಸುವ ಸರಣಿ

ಹತ್ತು ಟ್ಯೂಬುಗಳನ್ನು ಸಾಲಾಗಿ ಇಟ್ಟು 1, 2, 4, 8, 16, 32, 64, 128, 256, 512 ಎಂದು ಬರೆಯಿರಿ. ಸೀರಮ್ ಸಾಕಷ್ಟಿದ್ದರೆ 500 ಮೈಕ್ರೋಲೀಟರ್ ಅಳತೆಯಲ್ಲಿ ಮಾಡಿ, ಅಳತೆ ದೊಡ್ಡದಾದಷ್ಟೂ ತಪ್ಪಿನ ಪಾಲು ಚಿಕ್ಕದು. ಸೀರಮ್ ಕಡಿಮೆ ಇದ್ದರೆ 100 ಮೈಕ್ರೋಲೀಟರ್. ಹಳೆಯ ಸೀರಮ್‌ಗೆ ಇನ್ನೊಂದು ಸಾಲು ಪಕ್ಕದಲ್ಲೇ ಇರಲಿ.

1. ಮೊದಲ ಟ್ಯೂಬನ್ನು ಬಿಟ್ಟು ಉಳಿದ ಒಂಬತ್ತಕ್ಕೂ ಒಂದೊಂದು ಅಳತೆ ಸಲೈನ್ ಹಾಕಿ.
2. ಮೊದಲ ಮತ್ತು ಎರಡನೇ ಟ್ಯೂಬಿಗೆ ಒಂದೊಂದು ಅಳತೆ ಸೀರಮ್ ಹಾಕಿ.
3. ಹೊಸ ಟಿಪ್ ಹಾಕಿಕೊಂಡು ಎರಡನೇ ಟ್ಯೂಬನ್ನು ನೊರೆ ಬಾರದಂತೆ ಹಲವು ಸಲ ಎಳೆದು ಬಿಟ್ಟು ಬೆರೆಸಿ, ಒಂದು ಅಳತೆಯನ್ನು ಮೂರನೆಯದಕ್ಕೆ ದಾಟಿಸಿ.
4. ಟಿಪ್ ಬದಲಿಸಿ. ಮೂರನೆಯದನ್ನು ಬೆರೆಸಿ ನಾಲ್ಕನೆಯದಕ್ಕೆ. ಹೀಗೆ ಕೊನೆಯವರೆಗೆ, ಪ್ರತಿ ಟ್ಯೂಬಿಗೂ ಹೊಸ ಟಿಪ್.
5. ಹತ್ತನೇ ಟ್ಯೂಬಿನಿಂದ ಹೊರತೆಗೆದ ಒಂದು ಅಳತೆಯನ್ನು ಚೆಲ್ಲಬೇಡಿ. ಬೇರೆ ಟ್ಯೂಬಿನಲ್ಲಿ ಎತ್ತಿಡಿ. 512ರಲ್ಲೂ ಕಣಗಳು ಅಂಟಿಕೊಂಡರೆ ಅಲ್ಲಿಂದ ಸರಣಿಯನ್ನು ಮುಂದುವರಿಸಬಹುದು.

ಟಿಪ್ ಉಳಿಸುವುದು ಈ ಪರೀಕ್ಷೆಯಲ್ಲಿ ಅತ್ಯಂತ ದುಬಾರಿ ಉಳಿತಾಯ. ಒಂದೇ ಟಿಪ್ಪಿನಲ್ಲಿ ಸರಣಿ ಮುಗಿಸಿದರೆ ಅದರ ಗೋಡೆಗೆ ಅಂಟಿದ ಗಟ್ಟಿ ಸೀರಮ್ ಮುಂದಿನ ಟ್ಯೂಬುಗಳಿಗೂ ಹೋಗುತ್ತಾ ಟೈಟರನ್ನು ಸುಳ್ಳೇ ಏರಿಸುತ್ತದೆ. ಅಳತೆ ಕಡಿಮೆಯಾದರೆ ಇದಕ್ಕೆ ತದ್ವಿರುದ್ಧ. 100 ಮೈಕ್ರೋಲೀಟರ್ ದಾಟಬೇಕಾದಲ್ಲಿ ಟಿಪ್ ಸಡಿಲವಾಗಿ ಪ್ರತಿ ಸಲ 80 ಮಾತ್ರ ದಾಟಿತು ಎಂದುಕೊಳ್ಳಿ. ಒಂದೊಂದು ಹೆಜ್ಜೆಯಲ್ಲೂ ಅರ್ಧವಾಗುವ ಬದಲು 180ರಲ್ಲಿ 80 ಪಾಲಾಗುತ್ತದೆ. ಒಂಬತ್ತು ಹೆಜ್ಜೆ ಕಳೆದು 512 ಎಂದು ಬರೆದ ಟ್ಯೂಬಿಗೆ ಬರುವಾಗ ಒಳಗಿರುವುದು ನಿಜಕ್ಕೂ ಸುಮಾರು 1480 ಪಟ್ಟು ತೆಳುವಾದ ಸೀರಮ್. ಒಂದು ಟ್ಯೂಬಿಗಿಂತ ಹೆಚ್ಚೇ ಟೈಟರ್ ಕಳೆದುಹೋಯಿತು, ಕಣ್ಣಿಗೆ ಏನೂ ಕಾಣಲಿಲ್ಲ. ಪಿಪೆಟ್ಟಿನ ಕ್ಯಾಲಿಬ್ರೇಷನ್ ತಾರೀಖು ನೋಡುವುದು, ಟಿಪ್ ಬಿಗಿಯಾಗಿ ಕೂತಿದೆಯೇ ಎಂದು ನೋಡುವುದು ಇದಕ್ಕಾಗಿ.

ಕಣ ಸೇರಿಸಿ, ಕಾಯಿಸಿ, ತೊಳೆಯುವುದು

ಇನ್ನೊಂದು ಹತ್ತು ಟ್ಯೂಬಿಗೆ ಅದೇ ಸಂಖ್ಯೆಗಳನ್ನು ಬರೆದು, ಸರಣಿಯ ಪ್ರತಿ ಟ್ಯೂಬಿನಿಂದ 100 ಮೈಕ್ರೋಲೀಟರ್ ಹಾಕಿ. ಇಲ್ಲಿ ತೆಳುವಾದ ಕಡೆಯಿಂದ ಗಟ್ಟಿಯ ಕಡೆಗೆ ಬಂದರೆ ಒಂದೇ ಟಿಪ್ಪಿನಲ್ಲೂ ನಡೆಯುತ್ತದೆ. ಪ್ರತಿಯೊಂದಕ್ಕೂ ಶೇಕಡಾ 2ರ ಕಣ 100 ಮೈಕ್ರೋಲೀಟರ್ ಸೇರಿಸಿ. ಹನ್ನೊಂದನೇ ಟ್ಯೂಬಿಗೆ ಸೀರಮ್ ಬದಲು ಸಲೈನ್ ಹಾಕಿ ಕಣ ಸೇರಿಸಿ, ಅದು ನೆಗೆಟಿವ್ ಬರಲೇಬೇಕು. ಎಲ್ಲವನ್ನೂ ಅಲುಗಿಸಿ ಬೆರೆಸಿ 37 ಡಿಗ್ರಿ ವಾಟರ್ ಬಾತಿನಲ್ಲಿ 60 ನಿಮಿಷ ಇಡಿ.

ವಾಟರ್ ಬಾತಿನ ನೀರು ಟ್ಯೂಬಿನೊಳಗಿನ ದ್ರವಕ್ಕಿಂತ ಮೇಲಿರಬೇಕು. ಫಲಕದ ಮೇಲೆ ಕಾಣುವ 37 ನಂಬದೆ ನೀರಿನಲ್ಲೇ ಥರ್ಮಾಮೀಟರ್ ಇಡಿ. ಸಮಯ ಉಳಿಸಲು ಅಲ್ಬುಮಿನ್ ಅಥವಾ ಲಿಸ್ (ಉಪ್ಪಿನಂಶ ಕಡಿಮೆ ಇರುವ ದ್ರಾವಣ) ಸೇರಿಸುವುದು ಸ್ಕ್ರೀನಿಂಗ್‌ಗೆ ಸರಿ. ಟೈಟರ್‌ನಲ್ಲಿ ಅವು ಸಂಖ್ಯೆಯನ್ನೇ ಬದಲಿಸುತ್ತವೆ. 16 ಅಥವಾ 32 ಎಂಬ ಎಚ್ಚರಿಕೆಯ ಗೆರೆಗಳನ್ನು ಹಾಕಿರುವುದು ಏನೂ ಬೆರೆಸದ ಸಲೈನ್ ವಿಧಾನಕ್ಕೆ.

ಮುಂದಿನದು ತೊಳೆಯುವ ಕೆಲಸ. ನಮ್ಮ ಅಭಿಪ್ರಾಯದಲ್ಲಿ ಕೂಂಬ್ಸ್ ಪರೀಕ್ಷೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಟ್ಯೂಬಿನ ಮುಕ್ಕಾಲು ಭಾಗದಷ್ಟು ಸಲೈನನ್ನು ತಳದ ಕಣಗಳು ಮೇಲೆದ್ದು ಬರುವಂತೆ ರಭಸವಾಗಿ ತುಂಬಿಸಿ, ಸೆಂಟ್ರಿಫ್ಯೂಜ್ ಮಾಡಿ, ಒಂದೇ ಸಲಕ್ಕೆ ಬಗ್ಗಿಸಿ ಚೆಲ್ಲಿ, ಟ್ಯೂಬಿನ ಬಾಯನ್ನು ಟಿಶ್ಯೂ ಕಾಗದಕ್ಕೆ ಒತ್ತಿ. ತಳ ತಟ್ಟಿ ಬಟನ್, ಅಂದರೆ ತಳದಲ್ಲಿ ಕೂತ ಕಣಗಳ ಗುಂಡಿ, ಸಡಿಲಿಸಿದ ಮೇಲೆಯೇ ಮುಂದಿನ ಸಲ ಸಲೈನ್ ಹಾಕಬೇಕು. ಹೀಗೆ ನಾಲ್ಕು ಸಲ. ಬೆರಳಿನಿಂದ ಬಾಯಿ ಮುಚ್ಚಿ ಅಲುಗಿಸಬೇಡಿ. ಬೆರಳಿಗೆ ಹತ್ತಿದ ಪ್ರೋಟೀನ್ ಟ್ಯೂಬಿಗೆ ಹೋಗುತ್ತದೆ, ರಕ್ತ ಬೆರಳಿಗೆ ಬರುತ್ತದೆ.

ಅಷ್ಟೊಂದು ತೊಳೆಯುವುದಕ್ಕೆ ಕಾರಣವಿದೆ. ಸೀರಮ್‌ನಲ್ಲಿ ಕಣಕ್ಕೆ ಸಂಬಂಧವಿಲ್ಲದ ಐಜಿಜಿ ಬೇಕಾದಷ್ಟಿದೆ. ಅದರಲ್ಲಿ ಚೂರು ಉಳಿದರೂ ಕೂಂಬ್ಸ್ ಸೀರಮ್ ಮೊದಲು ಅದನ್ನೇ ಹಿಡಿದು ಖಾಲಿಯಾಗುತ್ತದೆ, ಕಣದ ಮೇಲಿನ ಆಂಟಿ-ಡಿಗೆ ಏನೂ ಉಳಿಯುವುದಿಲ್ಲ. ಹಾಗೆಂದು ತೊಳೆಯುವ ನಡುವೆ ಚಹಾಕ್ಕೆ ಎದ್ದು ಹೋಗುವಂತೆಯೂ ಇಲ್ಲ. ಹಿಡಿದ ಆಂಟಿಬಾಡಿ ನಿಧಾನವಾಗಿ ಬಿಡತೊಡಗುತ್ತದೆ. ಶುರು ಮಾಡಿದರೆ ನಾಲ್ಕೂ ಸಲ ಒಂದೇ ಬೀಸಿಗೆ ಮುಗಿಸಿ, ಕೊನೆಯ ಹನಿ ಸಲೈನ್ ಕೂಡ ಇರದಂತೆ ಚೆಲ್ಲಿ, ಕೂಡಲೇ ಎರಡು ಹನಿ ಕೂಂಬ್ಸ್ ಸೀರಮ್ ಹಾಕಿ ಬೆರೆಸಿ. ತಡಮಾಡದೆ 1000 ಆರ್‌ಪಿಎಂನಲ್ಲಿ ಒಂದು ನಿಮಿಷ ಅಥವಾ ಸುಮಾರು 3400 ಆರ್‌ಪಿಎಂನಲ್ಲಿ 15 ಸೆಕೆಂಡು ತಿರುಗಿಸಿ. ತಿರುಗಿಸುವುದು ಹೆಚ್ಚಾದರೆ ನೆಗೆಟಿವ್ ಕಣಗಳೂ ಬಿಗಿಯಾಗಿ ಕೂತು ಅಂಟಿದಂತೆ ಕಾಣುತ್ತವೆ, ಕಡಿಮೆಯಾದರೆ ದುರ್ಬಲ ಪಾಸಿಟಿವ್ ತಪ್ಪಿಹೋಗುತ್ತದೆ.

ಓದುವುದು

512ರಿಂದ ಶುರು ಮಾಡಿ 1ರ ಕಡೆಗೆ ಬನ್ನಿ. ಗಟ್ಟಿ ಸೀರಮ್ ಇರುವ ಮೊದಲ ಟ್ಯೂಬುಗಳಲ್ಲಿ ಕೆಲವೊಮ್ಮೆ ಆಂಟಿಬಾಡಿ ಅತಿಯಾಗಿ ಅಂಟುವಿಕೆ ದುರ್ಬಲವಾಗಿರುತ್ತದೆ, ಇದಕ್ಕೆ ಪ್ರೊಝೋನ್ ಎನ್ನುತ್ತಾರೆ. ಮೊದಲ ಟ್ಯೂಬಿನಿಂದ ಓದುತ್ತಾ ಹೋದವರು ಅದನ್ನೇ ಕೊನೆ ಎಂದು ತಿಳಿದು ನಿಂತುಬಿಡುವ ಅಪಾಯವಿದೆ.

ಟ್ಯೂಬನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಹೊರಳಿಸಿ. ಬಟನ್ ಒಂದೇ ಗಟ್ಟಿ ಮುದ್ದೆಯಾಗಿ ಎದ್ದರೆ 4+, ಕೆಲವು ದೊಡ್ಡ ತುಂಡುಗಳಾದರೆ 3+, ಮಧ್ಯಮ ತುಂಡುಗಳು ತಿಳಿ ದ್ರವದಲ್ಲಿ ತೇಲಿದರೆ 2+, ಸಣ್ಣ ಸಣ್ಣ ತುಂಡುಗಳು ಕೆಂಪು ಕಲಕಿನ ನಡುವೆ ಕಂಡರೆ 1+. ಅದಕ್ಕೂ ಸಣ್ಣದು, ಕಂಡೂ ಕಾಣದಂತಿದ್ದರೆ ಪ್ಲಸ್-ಮೈನಸ್. ಹೊಗೆಯಂತೆ ಸರಾಗವಾಗಿ ಹರಡಿದರೆ ನೆಗೆಟಿವ್. ರಪ್ಪನೆ ಅಲುಗಿಸಿದರೆ 1+ ಕ್ಷಣದಲ್ಲಿ ಚದುರಿ ನೆಗೆಟಿವ್ ಆಗುತ್ತದೆ. ಟೈಟರಿನ ಕೊನೆಯನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಡಿ, ಬರಿಗಣ್ಣಿಗೆ 1+ ಕಂಡ ಅತಿ ತೆಳು ಟ್ಯೂಬಿನ ಸಂಖ್ಯೆಯೇ ಟೈಟರ್.

ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಒಂದು ಹನಿ ಕೂಂಬ್ಸ್ ಕಂಟ್ರೋಲ್ ಕಣ ಹಾಕಿ ಮತ್ತೆ ತಿರುಗಿಸಿ ನೋಡಿ. ಅವು ಮೊದಲೇ ಐಜಿಜಿ ಹೊದಿಸಿದ ಕಣಗಳು, ಟ್ಯೂಬಿನಲ್ಲಿ ಕೂಂಬ್ಸ್ ಸೀರಮ್ ಜೀವಂತವಾಗಿದ್ದರೆ ಅಂಟಿಕೊಳ್ಳುತ್ತವೆ. ಅಂಟಿಕೊಳ್ಳದಿದ್ದರೆ ಆ ಟ್ಯೂಬಿನ ನೆಗೆಟಿವ್ ಲೆಕ್ಕಕ್ಕಿಲ್ಲ. ತೊಳೆದದ್ದು ಸಾಲದು, ಅಥವಾ ಕೂಂಬ್ಸ್ ಸೀರಮ್ ಹಾಕುವುದನ್ನೇ ಮರೆತಿದ್ದೀರಿ. ಸರಣಿಯನ್ನು ಮತ್ತೆ ಮಾಡಬೇಕು. ಕಂಟ್ರೋಲ್ ಕಣಗಳು ಸ್ವಂತವಾಗಿ ತಯಾರಿಸಿದ್ದಾದರೆ ಅವು 1+ ಅಥವಾ 2+ ಕೊಡುವಷ್ಟೇ ಹೊದಿಸಿ. 4+ ಕೊಡುವ ಕಣ ಅರ್ಧ ಸತ್ತ ಕೂಂಬ್ಸ್ ಸೀರಮನ್ನೂ ಸರಿ ಎಂದುಬಿಡುತ್ತದೆ.

ಟೈಟರ್ ಜೊತೆ ಸ್ಕೋರ್ ಕೂಡ ಬರೆಯಿರಿ

4+ಗೆ 12, 3+ಗೆ 10, 2+ಗೆ 8, 1+ಗೆ 5, ಪ್ಲಸ್-ಮೈನಸ್‌ಗೆ 3 ಅಂಕ. ಎಲ್ಲ ಟ್ಯೂಬಿನ ಅಂಕ ಕೂಡಿಸಿದರೆ ಸ್ಕೋರ್. ಇದೇಕೆ ಬೇಕೆಂದು ಒಂದು ಉದಾಹರಣೆಯಲ್ಲಿ ನೋಡೋಣ.

ಹಳೆಯ ಸೀರಮ್: 1ರಲ್ಲಿ 4+, 2ರಲ್ಲಿ 3+, 4ರಲ್ಲಿ 3+, 8ರಲ್ಲಿ 2+, 16ರಲ್ಲಿ 1+, ಮುಂದೆ ನೆಗೆಟಿವ್. ಟೈಟರ್ 16, ಸ್ಕೋರ್ 45.

ಹೊಸ ಸೀರಮ್: 1ರಲ್ಲಿ 4+, 2ರಲ್ಲಿ 4+, 4ರಲ್ಲಿ 3+, 8ರಲ್ಲಿ 3+, 16ರಲ್ಲಿ 2+, 32ರಲ್ಲಿ 1+, 64ರಲ್ಲಿ ಪ್ಲಸ್-ಮೈನಸ್. ಟೈಟರ್ 32, ಸ್ಕೋರ್ 60.

ಟೈಟರ್ ಏರಿದ್ದು ಒಂದೇ ಟ್ಯೂಬು. ಒಂದು ಟ್ಯೂಬಿನ ಏರಿಳಿತ ವಿಧಾನದ ಸಹಜ ತಪ್ಪಿನೊಳಗೆ ಬರುತ್ತದೆ, ಎರಡು ಟ್ಯೂಬು, ಅಂದರೆ ನಾಲ್ಕು ಪಟ್ಟು ಏರಿದರೆ ಮಾತ್ರ ನಿಜವಾದ ಏರಿಕೆ ಎನ್ನುವುದು ನಿಯಮ. ಆದರೆ ಸ್ಕೋರಿನ ವ್ಯತ್ಯಾಸ 15. ಸ್ಕೋರ್ 10 ಅಥವಾ ಅದಕ್ಕಿಂತ ಹೆಚ್ಚು ಬದಲಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟೈಟರ್ ಮಾತ್ರ ನೋಡಿದ್ದರೆ ಈ ಏರಿಕೆ ಕಣ್ಣು ತಪ್ಪಿಸಿಕೊಂಡು ಹೋಗುತ್ತಿತ್ತು.

ಈ ಹೋಲಿಕೆಗೆ ಬೆಲೆ ಬರುವುದು ಎರಡು ಸೀರಮ್‌ಗಳೂ ಒಂದೇ ದಿನ, ಒಂದೇ ಕಣದೊಂದಿಗೆ, ಒಬ್ಬರದೇ ಕೈಯಲ್ಲಿ ಆಗಿದ್ದರೆ ಮಾತ್ರ. ಕಳೆದ ತಿಂಗಳ ರಿಜಿಸ್ಟರ್ ತೆಗೆದು ಅಲ್ಲಿ ಬರೆದ 16ರೊಂದಿಗೆ ಇಂದಿನ 32 ಹೋಲಿಸುವುದು ಸಾಲದು. ಫ್ರೀಜರಿನ ಹಳೆಯ ವಯಲ್ ಇಂದು 16 ಕೊಡುತ್ತದೆಯೋ 32 ಕೊಡುತ್ತದೆಯೋ ನೋಡಿದಾಗಲೇ ಏರಿದ್ದು ತಾಯಿಯ ಆಂಟಿಬಾಡಿಯೋ ನಮ್ಮ ವಿಧಾನವೋ ಎಂದು ತಿಳಿಯುತ್ತದೆ. ಸಾಧ್ಯವಿದ್ದರೆ ಓದುವವರಿಗೆ ಯಾವುದು ಹಳೆಯದು ಯಾವುದು ಹೊಸದು ಎಂದು ಹೇಳದೆ ಓದಿಸಿ.

ಇದರ ಜೊತೆ ಮನೆಯದೇ ಒಂದು ಕಂಟ್ರೋಲ್ ಸೀರಮ್ ಇರಲಿ. ಆಂಟಿ-ಡಿ ಇರುವ ಸೀರಮನ್ನು ಟೈಟರ್ 16ರ ಸುತ್ತ ಬರುವಷ್ಟು ತೆಳುಮಾಡಿ, ಚಿಕ್ಕ ಚಿಕ್ಕ ವಯಲ್‌ಗಳಲ್ಲಿ ಫ್ರೀಜ್ ಮಾಡಿ, ಪ್ರತಿ ಸಲ ಒಂದನ್ನು ತೆಗೆದು ಜೊತೆಗೆ ಹಾಕಿ. ಅದು 8ರಿಂದ 32ರ ಹೊರಗೆ ಹೋದ ದಿನ ಯಾರ ವರದಿಯನ್ನೂ ಕಳುಹಿಸಬೇಡಿ.

ಐಜಿಎಂ ಬೆರೆತಿದ್ದರೆ

ಜರಾಯು ದಾಟಿ ಮಗುವಿಗೆ ಹೋಗುವುದು ಐಜಿಜಿ ಮಾತ್ರ. ಐಜಿಎಂ ಎಂಬ ದೊಡ್ಡ ಆಂಟಿಬಾಡಿ ದಾಟುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಸಲೈನ್‌ನಲ್ಲೇ ಕಣಗಳು ಅಂಟಿಕೊಂಡರೆ ಐಜಿಎಂ ಇದೆ ಎಂದರ್ಥ, ಅದು ಐಜಿಜಿ ಟೈಟರನ್ನು ಮರೆಮಾಡುತ್ತದೆ. ಡೈಥಯೋಥ್ರೀಟಾಲ್, ಎಲ್ಲರೂ ಕರೆಯುವಂತೆ ಡಿಟಿಟಿ, ಐಜಿಎಂ ಅಣುವಿನ ಕೊಂಡಿಗಳನ್ನು ಮುರಿಯುತ್ತದೆ. 100 ಮಿಲಿಲೀಟರ್ ಫಾಸ್ಫೇಟ್ ಬಫರ್ ಸಲೈನ್‌ಗೆ 0.154 ಗ್ರಾಂ ಡಿಟಿಟಿ ಹಾಕಿದರೆ 0.01 ಮೋಲಾರ್ ದ್ರಾವಣ. ಗಂಧಕದ ಕೆಟ್ಟ ವಾಸನೆ ಬರುತ್ತದೆ, ಫ್ಯೂಮ್ ಹುಡ್ ಒಳಗೆ ತಯಾರಿಸಿ ಚಿಕ್ಕ ಭಾಗಗಳಲ್ಲಿ ಫ್ರೀಜ್ ಮಾಡಿಡಿ.

ಸೀರಮ್ ಮತ್ತು ಡಿಟಿಟಿ ಸಮ ಅಳತೆಯಲ್ಲಿ ಬೆರೆಸಿ 37 ಡಿಗ್ರಿಯಲ್ಲಿ 30ರಿಂದ 60 ನಿಮಿಷ ಇಡಿ. ಪಕ್ಕದಲ್ಲೇ ಸೀರಮ್‌ಗೆ ಬರೀ ಬಫರ್ ಬೆರೆಸಿದ ಜೋಡಿ ಟ್ಯೂಬು ಕಡ್ಡಾಯ. ಆಮೇಲೆ ಎರಡರ ಟೈಟರನ್ನೂ ಮಾಡಿ. ಇಲ್ಲಿ ಅನೇಕರು ಎಡವುವುದು ಲೆಕ್ಕದಲ್ಲಿ: ಡಿಟಿಟಿ ಬೆರೆಸಿದಾಗಲೇ ಸೀರಮ್ ಅರ್ಧಕ್ಕೆ ಇಳಿದಿದೆ. ಸರಣಿಯ ಮೊದಲ ಟ್ಯೂಬು 1 ಅಲ್ಲ, 2.

ಜೆಲ್ ಕಾರ್ಡಿನಲ್ಲಿ

ಟ್ಯೂಬಿನ ಬದಲು ಜೆಲ್ ತುಂಬಿದ ಚಿಕ್ಕ ಕೊಳವೆಗಳಿರುವ ಜೆಲ್ ಕಾರ್ಡಿನ ಕೆಲಸ ಹಗುರ. ಶೇಕಡಾ 0.8ರ ಕಣ 50 ಮೈಕ್ರೋಲೀಟರ್, ಸರಣಿಯ ಸೀರಮ್ 25 ಮೈಕ್ರೋಲೀಟರ್, 37 ಡಿಗ್ರಿಯಲ್ಲಿ 15 ನಿಮಿಷ, ಆ ಕಾರ್ಡಿನ ಸೆಂಟ್ರಿಫ್ಯೂಜಿನಲ್ಲಿ 10 ನಿಮಿಷ. ತೊಳೆಯುವ ಕೆಲಸವಿಲ್ಲ, ಫಲಿತಾಂಶ ಫೋಟೋ ತೆಗೆದಿಡುವಂತೆ ನಿಲ್ಲುತ್ತದೆ, ಓದುವವರಿಂದ ಓದುವವರಿಗೆ ವ್ಯತ್ಯಾಸ ಕಡಿಮೆ. ಒಂದೇ ತೊಡಕು, ಸಂಖ್ಯೆ ಟ್ಯೂಬಿಗಿಂತ ಸಾಮಾನ್ಯವಾಗಿ ಒಂದೆರಡು ಹೆಜ್ಜೆ ಮೇಲೆ ಬರುತ್ತದೆ. ಟ್ಯೂಬಿನ 16 ಇಲ್ಲಿ 32 ಅಥವಾ 64 ಆಗಬಹುದು. ಒಂದು ತಿಂಗಳು ಟ್ಯೂಬ್, ಮರು ತಿಂಗಳು ಜೆಲ್ ಎಂದು ಬದಲಿಸಿದರೆ ಏನೂ ಆಗದ ತಾಯಿಗೆ ಟೈಟರ್ ನಾಲ್ಕು ಪಟ್ಟು ಏರಿದೆ ಎಂಬ ವರದಿ ಹೋಗುತ್ತದೆ. ವಿಧಾನ ಬದಲಿಸಲೇಬೇಕಾದರೆ ಕೆಲವು ಕಾಲ ಎರಡನ್ನೂ ಜೊತೆಗೆ ಮಾಡಿ, ವೈದ್ಯರಿಗೆ ಮೊದಲೇ ತಿಳಿಸಿ.

ಆಂಟಿ-ಎ, ಆಂಟಿ-ಬಿ ಟೈಟರ್

ಗುಂಪು ಹೊಂದದ ಮೂತ್ರಪಿಂಡ ಕಸಿಗೆ ಮೊದಲು ಕೇಳುವ ಟೈಟರ್‌ಗೂ ಸರಣಿ ಇದೇ. ಆಂಟಿ-ಎಗೆ ಎ1 ಕಣ, ಆಂಟಿ-ಬಿಗೆ ಬಿ ಕಣ. ಕೋಣೆಯ ಉಷ್ಣತೆಯ ಸಲೈನ್ ಓದು ಐಜಿಎಂಗೆ, 37 ಡಿಗ್ರಿಯ ಕೂಂಬ್ಸ್ ಓದು ಐಜಿಜಿಗೆ, ಬೇಕಿದ್ದರೆ ಡಿಟಿಟಿ ಹಾಕಿದ ಮೇಲೆ. ಎರಡನ್ನೂ ಬೇರೆ ಬೇರೆ ಬರೆಯಿರಿ. ತಾಜಾ ಸೀರಮ್‌ನಲ್ಲಿ ಕಾಂಪ್ಲಿಮೆಂಟ್ (ಕಣ ಒಡೆಯಬಲ್ಲ ಪ್ರೋಟೀನ್‌ಗಳು) ಇರುವುದರಿಂದ ಕಣಗಳು ಅಂಟುವ ಬದಲು ಒಡೆದುಹೋಗಬಹುದು. ಬಟನ್ ಚಿಕ್ಕದಾಗಿ ಮೇಲಿನ ದ್ರವ ಕೆಂಪಾಗಿದ್ದರೆ ಅದೂ ಪಾಸಿಟಿವ್ ಎಂದೇ ಲೆಕ್ಕ. ಇಡಿಟಿಎ ಪ್ಲಾಸ್ಮಾ ಬಳಸಿದರೆ ಈ ಗೊಂದಲವೇ ಇರುವುದಿಲ್ಲ. ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ನಡೆಯುವಾಗ ದಿನಕ್ಕೊಂದು ಮಾದರಿ ಬರುತ್ತದೆ, ಅಷ್ಟೂ ದಿನಕ್ಕೆ ಒಬ್ಬನೇ ದಾನಿಯ ಕಣ ಸಾಕಾಗುವಷ್ಟು ತೆಗೆದಿಡಿ. ಕಸಿಗೆ ಮೂತ್ರಪಿಂಡ ಕೊಡುವವರದೇ ಕಣ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ವರದಿಯಲ್ಲಿ ಏನಿರಬೇಕು

ಬರೀ 1:32 ಎಂದು ಬರೆದು ಕಳುಹಿಸಬೇಡಿ. ಆಂಟಿಬಾಡಿಯ ಹೆಸರು, ಟೈಟರ್, ಸ್ಕೋರ್, ವಿಧಾನ ಟ್ಯೂಬೋ ಜೆಲ್ಲೋ, ಕಣದ ಮಾದರಿ ಆರ್1ಆರ್1 ಇತ್ಯಾದಿ, ಜೊತೆಯಲ್ಲಿ ಮಾಡಿದ ಹಳೆಯ ಮಾದರಿಯ ತಾರೀಖು ಮತ್ತು ಅದು ಇಂದು ಕೊಟ್ಟ ಟೈಟರ್, ಆಂಟಿ-ಡಿ ಇಂಜೆಕ್ಷನ್ ಕೊಟ್ಟ ತಾರೀಖು, ಇಷ್ಟೂ ಇರಲಿ. ಟ್ಯೂಬ್ ವಿಧಾನದಲ್ಲಿ ಆಂಟಿ-ಡಿಗೆ 16 ಅಥವಾ 32 ಎಚ್ಚರಿಕೆಯ ಗೆರೆ. ಯಾವುದನ್ನು ಹಿಡಿಯಬೇಕೆಂದು ಆಸ್ಪತ್ರೆಯ ಪ್ರಸೂತಿ ವಿಭಾಗದೊಂದಿಗೆ ಕೂತು ತೀರ್ಮಾನಿಸಿ ವರದಿಯ ಕೆಳಗೆ ಮುದ್ರಿಸಿ.

ಗೆರೆ ದಾಟುವವರೆಗೆ ಸಾಮಾನ್ಯವಾಗಿ 28ನೇ ವಾರದವರೆಗೆ ತಿಂಗಳಿಗೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ಟೈಟರ್ ಕೇಳುತ್ತಾರೆ. ದಾಟಿದ ಮೇಲೆ ಡಾಪ್ಲರ್ ಮುಂದಾಗುತ್ತದೆ. ಮೆದುಳಿನ ಮಧ್ಯದ ಅಪಧಮನಿಯಲ್ಲಿ ರಕ್ತದ ವೇಗ ಆ ವಾರದ ಮಧ್ಯಮ ವೇಗದ ಒಂದೂವರೆ ಪಟ್ಟು ಮೀರಿದರೆ ಮಗುವಿಗೆ ಮಧ್ಯಮದಿಂದ ತೀವ್ರ ಮಟ್ಟದ ರಕ್ತಹೀನತೆ ಇರುವ ಸೂಚನೆ. ಹಿಂದಿನ ಮಗು ಇದೇ ಕಾರಣಕ್ಕೆ ತೀರಿಕೊಂಡಿದ್ದರೆ ಅಥವಾ ಹೊಟ್ಟೆಯಲ್ಲಿರುವಾಗಲೇ ರಕ್ತ ಕೊಡಬೇಕಾಗಿ ಬಂದಿದ್ದರೆ, ಈ ಸಲದ ಟೈಟರ್ ಕಡಿಮೆ ಇದೆ ಎಂದು ನೆಚ್ಚಿಕೊಳ್ಳುವಂತಿಲ್ಲ, ನೇರ ಡಾಪ್ಲರ್ ಬೇಕು. ಮನವಿ ಪತ್ರದಲ್ಲಿ ಅಂಥ ಚರಿತ್ರೆ ಕಂಡರೆ ವರದಿ ಟೈಪಾಗುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ ಹೇಳಿ, ಕರೆ ಮಾಡಿದ ಹೊತ್ತು ರಿಜಿಸ್ಟರಿನಲ್ಲಿ ಬರೆಯಿರಿ. ಆಮೇಲೆ ಇಂದಿನ ಸೀರಮಿನ ವಯಲ್ ಫ್ರೀಜರಿಗೆ ಹೋಗಿದೆಯೇ ಎಂದು ಇನ್ನೊಮ್ಮೆ ನೋಡಿ.